ಆರವ್ ಎಂದು ಕರೆದರೆ

ಅಣ್ಣನ ಮಗನ ಹೆಸರನ್ನು ಅವನ ಕಿವಿಯಲ್ಲಿ ಮೊದಲು ಹೇಳಿದವಳು ನಾನು. ಸೋದರತ್ತೆ ಎಂಬ ಕಾರಣಕ್ಕೆ ಆ ಹಕ್ಕು ನನ್ನದಾಗಿತ್ತು. ರಾವಂದೂರಿನಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನ ಮನೆಯಲ್ಲಿ, ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಹೆಂಗಸರು ಸುತ್ತ ನಿಂತಿದ್ದರು. ನಾನು ಬಗ್ಗಿ, ಆ ಪುಟ್ಟ ಕಿವಿಗೆ ಬಾಯಿಟ್ಟು ಮೂರು ಸಲ ಹೇಳಿದೆ. ಎಣ್ಣೆಯ, ಹಾಲಿನ ವಾಸನೆ. ಮಗು ಮುಖ ಸಿಂಡರಿಸಿತು. ಒಪ್ಕಂಡ ಬುಡವ್ವ ಎಂದು ಯಾರೋ ನಕ್ಕರು.

ಆ ಹೆಸರು ನಮ್ಮ ಮನೆಗೆ ಬಂದದ್ದು ಬೈಲಕುಪ್ಪೆಯ ಪಕ್ಕದ ಕೊಪ್ಪದಿಂದ. ಮದುವೆಯಾದ ಮೇಲೆ ನಾನಿರುವುದು ಅಲ್ಲೇ. ನಮ್ಮವರು ಆಟೊ ಓಡಿಸುತ್ತಾರೆ. ನಾನು ಮಡಿಕೇರಿ ರಸ್ತೆಯ ಮೇಲಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೈಲಕುಪ್ಪೆ ನೋಡಿಕೊಂಡು ಕೊಡಗಿಗೆ ಹೋಗುವವರು ಸ್ವೆಟರ್, ಟೋಪಿ ಕೊಳ್ಳಲು ಕಾರು ನಿಲ್ಲಿಸುತ್ತಾರೆ. ಒಂದು ಬೆಳಿಗ್ಗೆ ಹಾಗೆ ಬಂದ ಒಬ್ಬ ತಾಯಿಯ ಮಗ, ನೇತುಹಾಕಿದ್ದ ಸ್ವೆಟರುಗಳ ಸಾಲಿನೊಳಗೆ ನುಗ್ಗಿ ಬಚ್ಚಿಟ್ಟುಕೊಂಡ. ಅವಳು ಬೈಯಲಿಲ್ಲ. ಬಣ್ಣ ಆರಿಸುತ್ತಲೇ ಆರವ್, ಆರವ್ ಎಂದು ರಾಗವಾಗಿ ಕರೆಯುತ್ತಿದ್ದಳು. ಉಣ್ಣೆಯ ನಡುವಿನಿಂದ ಕಿಸಕ್ಕನೆ ನಗು ಕೇಳಿಸಿತು. ಅಂಥ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಕಡೆ ಗಂಡುಮಕ್ಕಳ ಹೆಸರಿನ ತುದಿಯಲ್ಲಿ ಒಬ್ಬ ರಾಜನೋ ಕುಮಾರನೋ ಸ್ವಾಮಿಯೋ ಕೂತಿರುತ್ತಾನೆ. ಇದು ಬಾಯಿಂದ ಹೊರಟು ಹಗುರವಾಗಿ ಹೋಗಿಬಿಡುತ್ತಿತ್ತು. ಅರ್ಥವೇನೆಂದು ಕೇಳಿದೆ. ಶಾಂತಿ ಅಂತ, ಮೊಬೈಲಿನಲ್ಲಿ ಹುಡುಕಿ ಇಟ್ಟಿದ್ದು ಎಂದಳು.

ಅತ್ತಿಗೆ ಆಗ ಬಸುರಿ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಬಸುರು. ಊರಿಗೆ ಹೋದಾಗ ಅವರೆಕಾಯಿ ಸುಲಿಯುತ್ತ ಮಾತಿಗೆ ಮಾತು ಬಂದು ಆ ಹುಡುಗನ ವಿಷಯ ಹೇಳಿದೆ. ಅತ್ತಿಗೆ ಕೈ ನಿಲ್ಲಿಸಿ, ಆ ಹೆಸರನ್ನು ಮೆಲ್ಲಗೆ ತಮಗೆ ತಾವೇ ಹೇಳಿ ನೋಡಿಕೊಂಡರು. ಗಂಡಾದರೆ ಅದೇ ಎಂದು ಅವತ್ತೇ ತೀರ್ಮಾನವಾಗಿಬಿಟ್ಟಿತು.

ಅವ್ವನಿಗೆ ಮೊಮ್ಮಗನಿಗೆ ನಮ್ಮಪ್ಪನ ಹೆಸರಿಡಬೇಕೆಂದು ಆಸೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆದರೂ ಅವ್ವ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರನ್ನು ತಿವಿದು ಅವರಿಂದ ಹೇಳಿಸುತ್ತಿದ್ದಳು. ಆ ಹೆಸರಿಟ್ಟರೆ ಮೊಮ್ಮಗನನ್ನು ನೀನು ಏನಂತ ಕರೀತೀಯ ಎಂದು ಅಣ್ಣ ಕೇಳಿದ್ದಕ್ಕೆ ಅವ್ವನಿಗೂ ನಗು ಬಂತು. ಕೊನೆಗೆ ಅವಳೇ, ನನ್ನ ಬಾಯಿಗೆ ಬರೋ ಅಂಥದ್ದು ಏನಾರ ಇಡಿ ಎಂದು ಒಪ್ಪಿದಳು.

ಊರಿಗೆ ಅದು ಹೊಸ ಹೆಸರು. ನಮ್ಮ ಕಡೆ ಗಂಡುಮಗುವಿಗೆ ಐದ ಎನ್ನುತ್ತಾರೆ. ನಾಮಕರಣದ ದಿನ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ, ಅಪ್ಪನ ವಯಸ್ಸಿನ ಅಜ್ಜನೊಬ್ಬ ಹೆಸರು ಕೇಳಿ ಬಹಳ ಹೊತ್ತು ಯೋಚನೆ ಮಾಡಿ, "ಐದ ಹುಟ್ಟವ್ನೆ ಅಂದ್ರಿ, ಈಗ ಆರವೆ ಅಂತೀರಿ. ಲೆಕ್ಕ ಸರಿಯಾಗ್ನಿಲ್ವಲ್ಲಪ್ಪ" ಅಂದ. ಊಟಕ್ಕೆ ಕೂತವರೆಲ್ಲ ನಕ್ಕರು. ಅದು ಊರೆಲ್ಲ ಸುತ್ತಿ, ಸ್ವಲ್ಪ ದಿನ ಅಣ್ಣ ಎಲ್ಲಿ ಹೋದರೂ ಐದೋ ಆರೋ ಎಂದು ಕೇಳುವಂತಾಯಿತು.

ನಗುತ್ತಿದ್ದವರೇ ಆಮೇಲೆ ಅದನ್ನು ತೆಗೆದುಕೊಂಡರು. ಮೊದಲು ಎದುರು ಮನೆಯವರು ತಮ್ಮ ಮಗನಿಗೆ ಇಟ್ಟರು. ಆಮೇಲೆ ಕೆಳಗಿನ ಬೀದಿಯ ಕೂಲಿಯವರ ಮನೆಯಲ್ಲೊಬ್ಬ, ಕೆರೆಯ ಕಡೆಯ ಮನೆಯಲ್ಲೊಬ್ಬ. ರಾವಂದೂರಿನಲ್ಲಿ, ಕಂಪಲಾಪುರದಲ್ಲಿ ಕೂಡ ಇದ್ದಾರೆಂದು ಬಂದವರು ಹೇಳುತ್ತಿದ್ದರು. ಎಲ್ಲರೂ ನಮ್ಮಿಂದಲೇ ಕಲಿತರು ಎನ್ನುವುದು ಸುಳ್ಳು. ಮೊಬೈಲು ಎಲ್ಲರ ಕೈಯಲ್ಲೂ ಇತ್ತು. ಆದರೂ ಅತ್ತಿಗೆಗೆ ಹೆಮ್ಮೆ, ಅದರೊಳಗೇ ಒಂದಿಷ್ಟು ಮುನಿಸು. ಚುಚ್ಚುಮದ್ದಿನ ದಿನ ಸಿಸ್ಟರು ಆ ಹೆಸರು ಕರೆದರೆ ಇಬ್ಬರು ತಾಯಂದಿರು ಒಟ್ಟಿಗೆ ಎದ್ದು ನಿಂತರಂತೆ. ಮನೆಗೆ ಬಂದು, ನಮ್ಮದನ್ನ ಎಲ್ರೂ ಎತ್ಕಂಡವ್ರೆ ಎಂದು ನನಗೆ ಫೋನು ಮಾಡಿ ಹೇಳಿ ನಕ್ಕಿದ್ದರು.

ಮಗು ಗಲಾಟೆಯ ಮಗು. ಮಾತು ಬರುವ ಮೊದಲೇ ಕೂಗು ಬಂದಿತ್ತು. ರಸ್ತೆಯಲ್ಲಿ ಹೋಗುವ ಬಸ್ಸಿಗೆ, ಹೊಲದ ನವಿಲಿಗೆ, ಎದುರು ಮನೆಯ ಕರುವಿಗೆ, ಎಲ್ಲದಕ್ಕೂ ಕೂಗು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಹಂಗಾಮು ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಅದರ ಗಿಡ್ಡ ಬಾಗಿಲಿನಲ್ಲಿ ತಲೆ ತೂರಿಸಿ ತನ್ನ ಹೆಸರನ್ನು ತಾನೇ ಕೂಗಿ, ಗೋಡೆಗಳು ತಿರುಗಿ ಕೂಗಿದಾಗ ಹೆದರಿದವನಂತೆ ಓಡಿ ಬರುತ್ತಿದ್ದ. ಮತ್ತೆ ಹೋಗುತ್ತಿದ್ದ. ಅಣ್ಣ ಅವನನ್ನು ಹಿಡಿದೆತ್ತಿಕೊಂಡು ಬರುವವರೆಗೂ ಅದೇ ಆಟ.

ಇನ್ನೇನು ಅಂಗನವಾಡಿಗೆ ಹಾಕಬೇಕು ಎನ್ನುವ ಮಳೆಗಾಲದಲ್ಲಿ ಜ್ವರ ಬಂತು. ಮೊದಲ ದಿನ ಎಲ್ಲ ಮಕ್ಕಳಿಗೂ ಬರುವ ಜ್ವರದಂತೆಯೇ ಇತ್ತು. ಮರುದಿನ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಮೈಸೂರಿಗೆ ಕಳಿಸಿದರು. ನಾನು ಕೊಪ್ಪದಿಂದ ನೇರ ಮೈಸೂರಿಗೇ ಹೋದೆ. ಮಗು ಕಣ್ಣು ಬಿಡುತ್ತಿರಲಿಲ್ಲ. ಜ್ವರ ಮಿದುಳಿಗೇರಿದೆ, ಹೆಸರು ಹಿಡಿದು ಮಾತಾಡಿಸುತ್ತಿರಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ನಾನೂ ಅತ್ತಿಗೆಯೂ ಒಬ್ಬರಾದ ಮೇಲೆ ಒಬ್ಬರು ಕಿವಿಯ ಹತ್ತಿರ ಬಾಯಿಟ್ಟು ಕರೆಯುತ್ತಲೇ ಇದ್ದೆವು. ಬೆಳಗಾಗುವ ಹೊತ್ತಿಗೆ ನಿಲ್ಲಿಸಿ ಎಂದು ಅವರೇ ಹೇಳಿದರು. ಹೊಲದ ಬದಿಯಲ್ಲಿ, ಹೊಂಗೆ ಮರದ ಹತ್ತಿರ ಮಣ್ಣು ಮಾಡಿದೆವು.

ಆಮೇಲೆ ನಡೆದದ್ದನ್ನು ಹೇಳುವುದು ಕಷ್ಟ. ಏಕೆಂದರೆ ಯಾರೂ ಏನೂ ಮಾಡಲಿಲ್ಲ. ನಮ್ಮ ಬೀದಿಯಲ್ಲಿ ಆ ಹೆಸರು ನಿಂತುಹೋಯಿತು, ಅಷ್ಟೇ. ಎದುರು ಮನೆಯವಳು ಸಂಜೆ ಬಾಗಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕರೆಯುತ್ತಿದ್ದವಳು, ಈಗ ಹೊರಗೆ ಬಂದು ಮಾತಿಲ್ಲದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಕೆರೆಯ ಕಡೆಯವರು ಪಾಪು ಎನ್ನತೊಡಗಿದರು. ನಮಗೆ ನೋವಾಗಬಾರದೆಂದು ಹಾಗೆ ಮಾಡುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಆದರೆ ಅವರು ಜಗುಲಿಯ ಮೇಲೆ ಕೂತು, ಕತ್ತು ಒಂದು ಕಡೆ ವಾಲಿಸಿಕೊಂಡು, ಯಾರಾದರೂ ಕರೆಯುತ್ತಾರೇನೋ ಎಂದು ಕಾಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೀದಿ ಸುಮ್ಮನಿರುತ್ತಿತ್ತು.

ಜಾಗ ಬದಲಾದರೆ ಮನಸ್ಸು ತಿಳಿಯಾಗಬಹುದೆಂದು ಅತ್ತಿಗೆಯ ತಮ್ಮ ಬಂದು ಕೆ.ಆರ್. ನಗರದ ಕಡೆಯ ತವರಿಗೆ ಕರೆದುಕೊಂಡು ಹೋದ. ನಾಲೆ ನೀರಿನ ಊರು, ಸುತ್ತ ಗದ್ದೆ, ಕಣ್ಣಿಗೆ ತಂಪು. ಅಲ್ಲಿ ಅವರು ಉಳಿದದ್ದು ಸ್ವಲ್ಪವೇ ದಿನ. ನಾಟಿ ಹಾಕುತ್ತಿದ್ದ ಹೆಣ್ಣಾಳುಗಳಲ್ಲಿ ಯಾರೋ ಬದುವಿನ ಮೇಲೆ ಆಡುತ್ತಿದ್ದ ಮಗನನ್ನು ಅದೇ ಹೆಸರಿನಿಂದ ಕರೆದಳಂತೆ. ಅತ್ತಿಗೆ ಕೈಯಲ್ಲಿದ್ದ ತಟ್ಟೆ ಇಟ್ಟು, ಕೆಸರಿಗೆ ಇಳಿದು ಆ ದನಿಯ ಕಡೆಗೆ ನಡೆದುಬಿಟ್ಟರಂತೆ. ಮನೆಯವರು ಹೆದರಿ ವಾಪಸು ತಂದು ಬಿಟ್ಟರು. ನನಗೇನೂ ಆಶ್ಚರ್ಯವಾಗಲಿಲ್ಲ. ರಜೆಯ ದಿನಗಳಲ್ಲಿ ಕೊಪ್ಪದ ಅಂಗಡಿಯಲ್ಲಿ ಆ ಹೆಸರು ಎಷ್ಟೋ ಬಾರಿ ಕೇಳಿಸುತ್ತಿತ್ತು. ಈಗ ಎಲ್ಲ ಊರಿನವರೂ ಅದನ್ನೇ ಇಟ್ಟಿದ್ದಾರೆ. ಪ್ರತಿಸಲವೂ ನನ್ನ ತುಟಿಗೆ ಒಂದು ಬೆಚ್ಚಗಿನ ಕಿವಿ ತಾಕಿದಂತಾಗಿ ಬಿಲ್ಲು ಬರೆಯುವ ಕೈ ನಿಲ್ಲುತ್ತಿತ್ತು.

ಅತ್ತು ಅತ್ತು ಅತ್ತಿಗೆಯ ಕಣ್ಣು ಮಂಜಾಗಿತ್ತು. ಆ ಚಳಿಗಾಲದಲ್ಲಿ ನಾನೇ ಅವರನ್ನು ಹುಣಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಔಷಧಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದಿದ್ದೆವು. ಜನರ ನಡುವೆ ಒಬ್ಬ ಹೆಂಗಸು, ಕೈಯಲ್ಲಿ ಎರಡು ಚೀಲ ಹಿಡಿದವಳು, ಮುಂದೆ ಓಡುತ್ತಿದ್ದ ಮಗನನ್ನು ಕರೆದಳು. ಆರವ್, ನಿಲ್ಲೋ. ನಾನು ಅತ್ತಿಗೆಯ ಮುಖ ನೋಡುವಷ್ಟರಲ್ಲಿ ಅವರು ಅವಳ ಹಿಂದೆ ಹೊರಟಾಗಿತ್ತು. ಅವಳು ಎಚ್.ಡಿ. ಕೋಟೆಯ ಬಸ್ಸು ಹತ್ತಿದಳು. ಅತ್ತಿಗೆಯೂ ಹತ್ತಿದರು. ನಾನು ಮೆಟ್ಟಿಲಲ್ಲಿ ಸೆರಗು ಹಿಡಿದು, ಅತ್ಗೆ, ಇದು ನಮ್ಮ ಬಸ್ಸಲ್ಲ ಎಂದೆ. ಕೇಳಿಸಿಕೊಂಡರೋ ಇಲ್ಲವೋ. ಅವರನ್ನು ಬಿಟ್ಟು ಇಳಿಯಲಾರದೆ ನಾನೂ ಹತ್ತಿದೆ.

ಅವಳ ಹಿಂದಿನ ಸೀಟಿನಲ್ಲಿ ಕೂತೆವು. ಹುಡುಗ ನಮ್ಮವನಿಗಿಂತ ದೊಡ್ಡವನು, ಇಸ್ಕೂಲಿಗೆ ಹೋಗುವ ವಯಸ್ಸು. ತಲೆಗೆ ಎಣ್ಣೆ ಹಾಕಿ ಬಾಚಿದ್ದರು. ಕೋಟೆಯವರೆಗೂ ಅತ್ತಿಗೆ ಆ ತಲೆಯನ್ನೇ ನೋಡುತ್ತಿದ್ದರು. ದಾರಿಯುದ್ದಕ್ಕೂ ಆ ತಾಯಿ ಅವನನ್ನು ಮತ್ತೆ ಹೆಸರು ಹಿಡಿದು ಕರೆಯಲೇ ಇಲ್ಲ. ಅವನು ಅವಳ ತೋಳಿಗೊರಗಿ ನಿದ್ದೆ ಹೋಗಿದ್ದ. ಬಸ್ಸು ನಿಂತಾಗ ಅವರು ಇಳಿದರು, ನಾವೂ ಇಳಿದೆವು. ಸ್ವಲ್ಪ ದೂರ ನಡೆದ ಮೇಲೆ ಆ ಹೆಂಗಸು ನಿಂತು ತಿರುಗಿದಳು.

"ಯಾಕಕ್ಕ, ಅವಾಗಿಂದ ನಮ್ಮನ್ನೇ ನೋಡ್ತಿದ್ದೀರಿ. ಏನಾಗ್ಬೇಕಿತ್ತು?"

ಅತ್ತಿಗೆ ಸುತ್ತು ಬಳಸಲಿಲ್ಲ. "ನಿಮ್ಮ ಮಗನ್ನ ಒಂದ್ಸಲ ಎಸ್ರಿಡಿದು ಕರೀಲಾ?" ಎಂದರು.

ಅವಳು ಮಗನನ್ನು ಹತ್ತಿರಕ್ಕೆಳೆದುಕೊಂಡು ನನ್ನ ಮುಖ ನೋಡಿದಳು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಅವಳು ಹೆದರಿದ್ದಳು ಅಂತ ಕಾಣುತ್ತದೆ. ಅಂಥ ತಾಯಿಯ ಬಾಯಲ್ಲಿ ತನ್ನ ಮಗನ ಹೆಸರು ಬಂದರೆ ಯಾರಿಗೆ ತಾನೆ ಹೆದರಿಕೆಯಾಗುವುದಿಲ್ಲ. ಸೀಬೆಹಣ್ಣಿನ ಗಾಡಿಯೊಂದು ಹತ್ತಿರದಲ್ಲಿತ್ತು. ಅವಳು ಮಗನ ಕೈ ಬಿಟ್ಟು, ಹೋಗಿ ಹಣ್ಣು ನೋಡ್ತಿರು ಎಂದು ಕಳಿಸಿದಳು. ಅವನು ಗಾಡಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಅವಳು ಅತ್ತಿಗೆಯ ಕಡೆ ತಲೆಯಾಡಿಸಿದಳು.

"ಆರವ್" ಎಂದು ಅತ್ತಿಗೆ ಕರೆದರು. ಮನೆಯಲ್ಲಿ ಕರೆಯುತ್ತಿದ್ದ ಅದೇ ರಾಗ, ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದ ಅದೇ ಎಳೆತ. ಮಗು ಹೋದ ಮೇಲೆ ಆ ರಾಗವನ್ನು ನಾನು ಕೇಳಿರಲಿಲ್ಲ.

ಹುಡುಗ ತಿರುಗಿದ. "ಏನು?" ಎಂದ.

"ಏನಿಲ್ಲ ಕಣಪ್ಪ. ಅಣ್ಣು ತಗೋ" ಎಂದರು ಅತ್ತಿಗೆ.

ಅಷ್ಟೇ. ಆ ತಾಯಿ ಹೋಗುವಾಗ ಅತ್ತಿಗೆಯ ಕೈಯನ್ನೊಮ್ಮೆ ಮುಟ್ಟಿ ಹೋದಳು. ನಾವು ಹುಣಸೂರಿನ ಬಸ್ಸಿಗೆ ಕಾಯುತ್ತ ಕಲ್ಲು ಬೆಂಚಿನ ಮೇಲೆ ಕೂತೆವು. ಅತ್ತಿಗೆ ಅಳಲಿಲ್ಲ.

ಬಸ್ಸು ಊರು ದಾಟಿದ ಮೇಲೆ ಅವರು ಕೇಳಿದರು. "ಆ ಎಸ್ರಿಗೆ ಏನೋ ಅರ್ಥ ಏಳಿದ್ಯಲ್ಲ, ಏನದು?"

ಶಾಂತಿ ಎಂದೆ.

"ನೀನು ಕಿವೀಲಿ ಅದ್ನೇ ಏಳ್ದೆ. ಅದಕ್ಕೇ ಸುಮ್ಕಾಗ್ಬುಟ್ನ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ಕಿಟಕಿಯಾಚೆ ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಕೊಪ್ಪಕ್ಕೆ ವಾಪಸಾದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಲೆಯ ಮುಂದೆ ನಿಂತಾಗ, ಬಟ್ಟೆ ಮಡಚುವಾಗ, ಯಾರಾದರೂ ಮಗುವನ್ನು ಸುಮ್ಮನಿರು ಎಂದು ಗದರಿದಾಗ, ಅತ್ತಿಗೆಯ ದನಿ ಮತ್ತೆ ಕೇಳಿಸುತ್ತಿತ್ತು. ಊರಿನಲ್ಲಿ ಬೇರೆ ಮಾತು ಹುಟ್ಟಿತ್ತು. ಶಾಸ್ತ್ರ ಹೇಳುವವರೊಬ್ಬರು ಆ ಅಕ್ಷರ ನಮ್ಮ ಮಗುವಿನ ನಕ್ಷತ್ರಕ್ಕೆ ಕೂಡುತ್ತಿರಲಿಲ್ಲ ಎಂದರಂತೆ. ಅದು ಬಾಯಿಂದ ಬಾಯಿಗೆ ಹೋಗುವಾಗ, ಆ ಹೆಸರೇ ಸರಿಯಿಲ್ಲ ಎಂದಾಯಿತು. ಎದುರು ಮನೆಯವರೂ ಕೆರೆಯ ಕಡೆಯವರೂ ತಮ್ಮ ಮಕ್ಕಳ ಹೆಸರು ಬದಲಾಯಿಸಲು ಓಡಾಡುತ್ತಿದ್ದಾರೆಂದು ಅವ್ವ ಫೋನಿನಲ್ಲಿ ಹೇಳಿದಳು.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಕಂಪಲಾಪುರದಲ್ಲಿದ್ದಾರೆ. ಒಂದು ಭಾನುವಾರ ಅವರನ್ನು ಹುಡುಕಿಕೊಂಡು ಹೋದೆ. ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಯಾಕೆ ಬಂದೆನೆಂದು ಹೇಳದೆ, ಮಾತಿನ ನಡುವೆ, ಆರವ್ ಎಂದರೆ ಶಾಂತಿ ಅಂತಲೇ ಸಾರ್ ಎಂದು ಕೇಳಿದೆ.

"ಹಾಗಂತ ಯಾರಮ್ಮ ಹೇಳಿದ್ದು?" ಎಂದು ಅವರು ಚೆಂಬು ಕೆಳಗಿಟ್ಟರು. "ರವ ಅಂದ್ರೆ ಸದ್ದು. ನೀರವ ಅಂದ್ರೆ ಸದ್ದಿಲ್ಲದ್ದು. ಆರವ ಅಂದ್ರೆ ಕೂಗು, ದೊಡ್ಡ ದನಿ. ಹಳೇ ಮಾತು ಅದು. ಕಡೇ ಸ್ವರ ಕತ್ತರಿಸಿ ಹೊಸ ಹೆಸರು ಮಾಡ್ಕೊಂಡಿದಾರೆ, ಅಷ್ಟೇ."

ಹಾಗಾದರೆ ಶಾಂತಿ ಎಲ್ಲಿಂದ ಬಂತು ಎಂದೆ. ಮಗುವಿಗೆ ಕೂಗು ಅಂತ ಹೆಸರಿಡಿ ಎಂದರೆ ಯಾರು ಇಡುತ್ತಾರೆ, ಕೇಳೋರಿಗೆ ಹಿತವಾಗಲಿ ಅಂತ ಯಾರೋ ಬರೆದಿರಬೇಕು, ಒಬ್ಬರನ್ನು ನೋಡಿ ಒಬ್ಬರು ಬರೆದುಕೊಂಡಿರಬೇಕು ಎಂದರು. ಆಮೇಲೆ ನನ್ನ ಮುಖ ನೋಡಿ, ಒಳಗೆ ಬಾ, ನೀರು ಕುಡಿ ಎಂದರು. ನಾನು ಕುಡಿದು, ಅಲ್ಲಿಂದ ಸೀದಾ ಊರಿಗೆ ಬಸ್ಸು ಹತ್ತಿದೆ.

ಅತ್ತಿಗೆ ಹಿಟ್ಟಿನ ಗಡಿಗೆ ತೊಳೆಯುತ್ತಿದ್ದರು. ಮೇಷ್ಟ್ರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಅವರು ಬೂದಿಗೈಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಗಡಿಗೆಯ ತಳ ಉಜ್ಜುತ್ತಲೇ ಇದ್ದರು.

"ಅದೇ ಸರಿ ಕಣವ್ವ" ಎಂದರು ಆಮೇಲೆ. "ಅವ್ನು ಅಂಗೇ ಇದ್ದ."

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎದ್ದು ಎದುರು ಮನೆಗೆ ಹೋದರು. ನಾನು ಹಿಂದೆ ಹೋದೆ. ಮಗು ತೀರಿಕೊಂಡ ಮೇಲೆ ಅವರು ಆ ಹೊಸಿಲು ತುಳಿದಿರಲಿಲ್ಲ. ಎದುರು ಮನೆಯವಳು ಗಾಬರಿಯಾಗಿ ಎದ್ದಳು. ಅವಳ ಮಗ ಅವಳ ಸೀರೆಯ ಹಿಂದೆ ಸರಿದ. ಅತ್ತಿಗೆ ಅವಳಿಗೆ ಹೇಳಿದ್ದು ಇಷ್ಟು: ನೀನು ನಿನ್ನ ಮಗನನ್ನು ಹೆಸರು ಹಿಡಿದೇ ಕರಿ, ನಮಗಾಗಿ ಬಾಯಿ ಕಟ್ಟಿಕೊಳ್ಳಬೇಡ, ಬೀದಿ ಹೀಗೆ ಸುಮ್ಮನಿದ್ದರೆ ನನಗೆ ಉಸಿರು ಕಟ್ಟುತ್ತದೆ.

ಅವಳು ತಲೆ ತಗ್ಗಿಸಿದಳು. "ನಮ್ಮತ್ತೆ ಕೇಳ್ನಿಲ್ಲ ಕಣಕ್ಕ. ಬದ್ಲಾಯಿಸ್ಬುಟ್ಟೊ. ಆಧಾರಲ್ಲೂ ಆಗೋಯ್ತು" ಎಂದಳು. ಸ್ವಲ್ಪ ತಡೆದು, "ನಂಗೂ ಭಯ ಆಯ್ತು" ಎಂದಳು.

ಅತ್ತಿಗೆ ಬೇಸರ ಮಾಡಿಕೊಳ್ಳಲಿಲ್ಲ. ಭಯ ಇದ್ದರೆ ಬುಡು, ಕರೀಬೇಡ ಎಂದು ಹೇಳಿ, ಆ ಮಗುವಿನ ತಲೆ ಸವರಲು ಕೈ ಚಾಚಿದವರು ಅರ್ಧಕ್ಕೆ ನಿಲ್ಲಿಸಿ ಹಿಂದೆ ಬಂದರು. ಕೆರೆಯ ಕಡೆಯವರೂ ಆಗಲೇ ಬದಲಾಯಿಸಿದ್ದರು. ಕೆಳಗಿನ ಬೀದಿಯ ಕೂಲಿಯವರ ಮನೆಯಲ್ಲಿ ಮಾತ್ರ ಬದಲಾಯಿಸಿರಲಿಲ್ಲ. ಶಾಸ್ತ್ರ ಕೇಳಲು ಅವರು ಹೋಗಿಯೂ ಇರಲಿಲ್ಲ. ಅವ್ನಿಗೆ ಅದೇ ರೂಢಿ, ಬೇರೆ ಕರೆದ್ರೆ ತಿರುಗೋದೇ ಇಲ್ಲ ಎಂದು ಆ ತಾಯಿ ಹೇಳಿದಳಂತೆ.

ಅತ್ತಿಗೆಗೆ ಮತ್ತೆ ಮಕ್ಕಳಾಗಲಿಲ್ಲ. ಅಣ್ಣ ಬ್ಯಾರನ್ ಮನೆಯನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟು, ಆ ಕಡೆ ಹೋಗುವುದನ್ನು ಬಿಟ್ಟಿದ್ದಾನೆ. ಅವ್ವ ಮೊಮ್ಮಗನ ವಿಷಯ ಬಂದರೆ, ಗಂಡನ ವಿಷಯ ಬಂದಾಗಿನಂತೆಯೇ, ಹೆಸರು ಹೇಳದೆ ಕೈಯಲ್ಲಿ ಮೇಲಕ್ಕೆ ತೋರಿಸುತ್ತಾಳೆ.

ಈ ವರ್ಷ ನಮ್ಮೂರ ಶಾಲೆಯಲ್ಲಿ ಬಿಸಿಯೂಟಕ್ಕೆ ಅಡಿಗೆಯವರು ಬೇಕೆಂದಾಗ ಅತ್ತಿಗೆ ತಾವೇ ಹೋಗಿ ಕೇಳಿ ಸೇರಿಕೊಂಡರು. ನಮ್ಮ ಮಗುವಿನ ಓರಗೆಯ ಮಕ್ಕಳು ಒಂದನೇ ತರಗತಿಗೆ ಸೇರಿದ ವರ್ಷ ಇದು. ಬೇಡ ಎಂದು ಅಣ್ಣ ಹೇಳಿದ, ನಾನೂ ಹೇಳಿದೆ. ಕೇಳಲಿಲ್ಲ. ಅಡಿಗೆಮನೆ ಒಂದನೇ ತರಗತಿಯ ಗೋಡೆಗೆ ಆತುಕೊಂಡಿದೆ. ಬೆಳಿಗ್ಗೆ ಟೀಚರು ಹಾಜರಿ ಕರೆಯುವುದು ಕೇಳಿಸುತ್ತದೆ. ಕೆಳಗಿನ ಬೀದಿಯ ಹುಡುಗನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಅವನು ಗಟ್ಟಿಯಾಗಿ, ಬಂದೀನಿ ಮಿಸ್ ಎನ್ನುತ್ತಾನೆ. ಆ ಮಾತು ಬರುವವರೆಗೆ ನಾನು ಸಾರಿಗೆ ಸೌಟು ಹಾಕುವುದಿಲ್ಲ ಎಂದು ಅತ್ತಿಗೆ ನನಗೊಬ್ಬಳಿಗೇ ಹೇಳಿದ್ದಾರೆ. ಹೇಳಿದಾಗ ಅವರ ಮುಖದಲ್ಲಿದ್ದದ್ದು ದುಃಖವೋ, ಸಮಾಧಾನವೋ ನನಗೆ ತಿಳಿಯಲಿಲ್ಲ.

ಈಚೆಗೆ ಒಂದು ದಿನ ಟೀಚರು ಕರೆದಾಗ ಉತ್ತರ ಬರಲಿಲ್ಲವಂತೆ. ಮತ್ತೊಮ್ಮೆ ಕರೆದರು. ಬರಲಿಲ್ಲ. ಟೀಚರು ಮುಂದಿನ ಹೆಸರಿಗೆ ಹೋದರು. ಅತ್ತಿಗೆ ಒಲೆಯನ್ನು ಹಾಗೆಯೇ ಬಿಟ್ಟು ತರಗತಿಯ ಬಾಗಿಲಿಗೆ ಹೋಗಿ, ಆ ಮಗು ಎಲ್ಲಿ ಎಂದು ಕೇಳಿದರು. ಅವನು ಅಜ್ಜಿಯ ಊರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದು ಮಕ್ಕಳೆಲ್ಲ ಒಟ್ಟಿಗೆ ಹೇಳಿದರು. ಅತ್ತಿಗೆ ಅದನ್ನು ಎರಡು ಮೂರು ಸಲ ಹೇಳಿಸಿ ಕೇಳಿಕೊಂಡು ವಾಪಸು ಬರುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ಮೇಲಿನದನ್ನು ತೆಗೆದು ಬಡಿಸಿದರು. ಸೀದ ವಾಸನೆ ಬರುತ್ತಿತ್ತಂತೆ. ಮಕ್ಕಳು ಏನೂ ಅನ್ನದೆ ಉಂಡೆದ್ದರು.